‘ಧರ್ಮನಿಂದಕ’ ಯಾರು? ಜ್ಞಾನೋಕ್ತಿಗಳಲ್ಲಿ ಸೊಕ್ಕು ಮತ್ತು ಕುಚೋದ್ಯ ಕುರಿತ ಟಿಪ್ಪಣಿ

ಈ ಟಿಪ್ಪಣಿ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಬೆಂಗಳೂರಿನ ವಿಜಯನಗರದ ಮನೆಯೊಂದರಲ್ಲಿ ಗುರುವಾರ ಸಂಜೆ ಹತ್ತು ಹನ್ನೆರಡು ಜನ ಸೇರಿ ಸತ್ಯವೇದ ಓದುತ್ತಾರೆ. ಕರೆದಾಗ ನಾನೂ ಹೋಗುತ್ತೇನೆ. ಅಂದು ಓದಿಗೆ ಬಂದದ್ದು ಜ್ಞಾನೋಕ್ತಿಗಳ ಒಂಬತ್ತನೆಯ ಅಧ್ಯಾಯ. ಧರ್ಮನಿಂದಕನನ್ನು ತಿದ್ದಲು ಹೋದವನಿಗೆ ಅವಮಾನವೇ ಗತಿ ಎಂಬ ಅರ್ಥದ ಮಾತು ಬಂದಾಗ, ಗೋಡೆಗೊರಗಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಕೇಳಿದರು: “ಧರ್ಮನಿಂದಕರು ಅಂದ್ರೆ ಯಾರಪ್ಪಾ? ನಾವು ಪ್ರಾರ್ಥನೆ ಮಾಡೋದು ಕಂಡು ನಗೋರಾ, ಇಲ್ಲ ನಮ್ಮಲ್ಲೇ ಇರೋರಾ?” ಕೂಟದಲ್ಲಿದ್ದ ಬಹುಪಾಲು ಜನ ಮೊದಲನೆಯದೇ ಸರಿ ಎಂದರು. ಪದವೇ ಹಾಗೆ ಹೇಳುತ್ತಿದೆಯಲ್ಲ. ನನಗೆ ಆ ಹೊತ್ತಿಗೆ ಉತ್ತರ ತೋಚಲಿಲ್ಲ. ಮನೆಗೆ ಬಂದು ಹೀಬ್ರೂ ಪಠ್ಯ, ಗ್ರೀಕ್ ಪಠ್ಯ, ಕನ್ನಡ ಪಠ್ಯ ಮೂರನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕೂತೆ. ಆ ಕೂಟ ಅಂದು ಒಪ್ಪಿಕೊಂಡ ಉತ್ತರ ತಪ್ಪು ಎಂಬುದು ನನ್ನ ತೀರ್ಮಾನ. ಅದಕ್ಕೆ ಆಧಾರಗಳನ್ನು ಇಲ್ಲಿ ಇಡುತ್ತೇನೆ.

ಹೀಬ್ರೂ ಪದ ‘ಲೇತ್ಸ್’. ಇಡೀ ಹೀಬ್ರೂ ಬೈಬಲಿನಲ್ಲಿ ಇದು ಬರುವುದು 16 ಸಲ. ಅದರಲ್ಲಿ 14 ಜ್ಞಾನೋಕ್ತಿಗಳಲ್ಲೇ ಇವೆ. ಉಳಿದ ಎರಡರಲ್ಲಿ ಒಂದು ಮೊದಲನೆಯ ಕೀರ್ತನೆಯಲ್ಲಿ, ಇನ್ನೊಂದು ಯೆಶಾಯನ 29ನೆಯ ಅಧ್ಯಾಯದಲ್ಲಿ. ಮೊದಲನೆಯ ಕೀರ್ತನೆಯನ್ನೂ ವಿದ್ವಾಂಸರು ಜ್ಞಾನಸಾಹಿತ್ಯದ ಧಾಟಿಯದೆಂದೇ ಎಣಿಸುತ್ತಾರೆ. ಅಂದರೆ ಈ ಪದ ಹೆಚ್ಚುಕಡಿಮೆ ಜ್ಞಾನಿಗಳ ಪಾಠಶಾಲೆಯ ಸ್ವಂತ ಪದ. ಪುರೋಹಿತರ ಕಟ್ಟಳೆಗಳಲ್ಲಿ ಅದಿಲ್ಲ. ದೇವದೂಷಣೆಯ ಅಪರಾಧವನ್ನು ಹೇಳುವ ಯಾಜಕಕಾಂಡದ 24ನೆಯ ಅಧ್ಯಾಯ ಬೇರೆಯೇ ಕ್ರಿಯಾಪದಗಳನ್ನು ಬಳಸುತ್ತದೆ. ಧರ್ಮದ ನಿಂದೆ ಒಂದು ಅಪರಾಧ, ‘ಲೇತ್ಸ್’ ಒಂದು ಸ್ವಭಾವ. ಹೀಬ್ರೂ ಪಠ್ಯ ಇವೆರಡನ್ನೂ ಬೇರೆಬೇರೆ ಮಾತುಗಳಲ್ಲಿ ಇಟ್ಟಿದೆ ಎಂಬುದನ್ನು ಮೊದಲು ಗಮನಿಸಬೇಕು.

ಆ ಸ್ವಭಾವ ಯಾವುದು? ಜ್ಞಾನೋಕ್ತಿಗಳು ಪದಗಳಿಗೆ ಅರ್ಥ ಹೇಳುವ ಗೋಜಿಗೆ ಹೋಗುವುದು ಅಪರೂಪ. ಈ ಪದಕ್ಕೆ ಮಾತ್ರ 21:24ರಲ್ಲಿ ಒಂದು ಲಕ್ಷಣವನ್ನೇ ಕೊಟ್ಟಿದೆ. ಸೊಕ್ಕಿನಿಂದ ಉಬ್ಬಿ, ಮಿತಿಮೀರಿದ ಗರ್ವದಲ್ಲಿ ನಡೆಯುವವನಿಗೆ ‘ಲೇತ್ಸ್’ ಎಂದು ಹೆಸರು ಎಂಬುದು ಅದರ ತಾತ್ಪರ್ಯ. ಅಲ್ಲಿ ‘ಜೇದ್’, ‘ಯಾಹೀರ್’ ಎಂಬ ಎರಡು ಗರ್ವಸೂಚಕ ಪದಗಳು ಒಟ್ಟಿಗೆ ಬಂದು, ಮೂರನೆಯದಾಗಿ ‘ಲೇತ್ಸ್’ ನಿಲ್ಲುತ್ತದೆ. ಗರ್ವ ಮತ್ತು ಗೇಲಿ ಎರಡು ದೋಷಗಳೆಂದು ನಾವು ಬೇರೆಬೇರೆ ಎಣಿಸುತ್ತೇವೆ. ಈ ವಾಕ್ಯದ ಪ್ರಕಾರ ಗೇಲಿ ಎಂಬುದು ಗರ್ವಕ್ಕೆ ಬಾಯಿ ಬಂದಾಗಿನ ರೂಪ.

ಇನ್ನು ಅವನು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತಾನೆ ಎಂದು ನೋಡಬೇಕು. 9:8ರಲ್ಲಿ ತಿದ್ದುವವನನ್ನು ದ್ವೇಷಿಸುತ್ತಾನೆ. 13:1ರಲ್ಲಿ ತಂದೆಯ ಮಾತು ಕೇಳುವ ಮಗನ ಎದುರು ಗದರಿಕೆಗೆ ಕಿವಿಗೊಡದವನಾಗಿ ನಿಲ್ಲುತ್ತಾನೆ. 15:12ರಲ್ಲಿ ಜ್ಞಾನಿಗಳ ಬಳಿ ಹೋಗಲು ಒಲ್ಲ. 14:6 ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಅಲ್ಲಿ ಅವನು ಜ್ಞಾನವನ್ನು ಹುಡುಕುತ್ತಾನೆ, ಹುಡುಕಿದರೂ ಸಿಗುವುದಿಲ್ಲ. ಹಾಗಾದರೆ ಇವನು ಪಾಠಶಾಲೆಯ ಹೊರಗೆ ನಿಂತು ಕಲ್ಲೆಸೆಯುವವನಲ್ಲ. ಒಳಗೇ ಕೂತವನು, ಬಹುಶಃ ಬುದ್ಧಿವಂತ, ಮಾತಿನಲ್ಲಿ ಚುರುಕು. ತನ್ನನ್ನು ತಿದ್ದಬಹುದು ಎಂಬುದನ್ನು ಮಾತ್ರ ಒಪ್ಪಲಾರ. 13:1ರಲ್ಲಿ ಅವನನ್ನು ಮಗನ ಜೋಡಿಯಾಗಿ ಇಟ್ಟಿರುವುದು ಅವನ ವಿಳಾಸವನ್ನೇ ಹೇಳುತ್ತದೆ: ಅದೇ ಮನೆ, ಅದೇ ಜಗಲಿ.

ಇದನ್ನು ಅನುವಾದಿಸುವುದು ಕಷ್ಟ ಎಂಬುದು ಕನ್ನಡಕ್ಕೆ ಬರುವ ಎರಡು ಸಾವಿರ ವರ್ಷ ಮೊದಲೇ ಗೊತ್ತಾಗಿತ್ತು. ಕ್ರಿಸ್ತಪೂರ್ವದಲ್ಲಿ ಆದ ಗ್ರೀಕ್ ಅನುವಾದ ಒಂದೇ ಹೀಬ್ರೂ ಪದಕ್ಕೆ ಕನಿಷ್ಠ ನಾಲ್ಕು ಪದಗಳನ್ನು ಹುಡುಕಿಕೊಂಡಿದೆ. 9ನೆಯ ಅಧ್ಯಾಯದಲ್ಲಿ ಸುಮ್ಮನೆ ‘ಕಾಕೊಸ್’, ಕೆಟ್ಟವನು. 20:1ರಲ್ಲಿ, 21:11ರಲ್ಲಿ ‘ಅಕೋಲಾಸ್ತೊಸ್’, ಹದ್ದುಬಸ್ತಿಲ್ಲದವನು. 21:24, 22:10, ಮೊದಲನೆಯ ಕೀರ್ತನೆ ಇವುಗಳಲ್ಲಿ ‘ಲೋಯ್ಮೋಸ್’, ಅಂದರೆ ಪಿಡುಗು, ಮಾರಿ. ಲ್ಯಾಟಿನ್ ಅನುವಾದ ಇದನ್ನೇ ಹಿಡಿದು, ಕೀರ್ತನೆಯಲ್ಲಿ ಬರುವ ಆಸನವನ್ನು ಪಿಡುಗಿನ ಪೀಠ ಮಾಡಿತು. ಊರಿಗೆ ಹರಡುವ ರೋಗದಂತೆ ಗೇಲಿಯನ್ನು ಕಂಡ ಆ ಅನುವಾದಕನ ಕಣ್ಣು ದೊಡ್ಡದು. ಆದರೆ ಮುಂದಿನ ಇತಿಹಾಸಕ್ಕೆ ಹೆಚ್ಚು ಮುಖ್ಯವಾದದ್ದು 3:34. ಹೀಬ್ರೂವಿನಲ್ಲಿ ಗೇಲಿಗಾರರನ್ನು ದೇವರೇ ಗೇಲಿ ಮಾಡುತ್ತಾನೆ, ದೀನರಿಗೆ ದಯೆ ತೋರುತ್ತಾನೆ ಎಂಬ ಅರ್ಥವಿದೆ. ಗ್ರೀಕಿನವರು ಅಲ್ಲಿ ‘ಹುಪೆರೇಫಾನೊಸ್’ ಎಂದರು: ಅಹಂಕಾರಿ. ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯ 4ನೆಯ ಅಧ್ಯಾಯವೂ ಪೇತ್ರನ ಮೊದಲ ಪತ್ರಿಕೆಯ 5ನೆಯ ಅಧ್ಯಾಯವೂ ಈ ಗ್ರೀಕ್ ರೂಪವನ್ನೇ ಉದ್ಧರಿಸುತ್ತವೆ. ಆದ್ದರಿಂದ ಕನ್ನಡ ಸತ್ಯವೇದ ಓದುವವರಿಗೆ ಒಂದೇ ವಾಕ್ಯ ಎರಡು ಕಡೆ ಎರಡು ಮುಖದಲ್ಲಿ ಸಿಗುತ್ತದೆ: ಒಂದು ಕಡೆ ಅಹಂಕಾರಿಯ ಬಗ್ಗೆ, ಇನ್ನೊಂದು ಕಡೆ ಧರ್ಮನಿಂದಕನ ಬಗ್ಗೆ. ಇವರಿಬ್ಬರೂ ಒಬ್ಬನೇ ಎಂದು ಓದುಗರಿಗೆ ತಿಳಿಯುವ ದಾರಿಯೇ ಇಲ್ಲ.

ಈಗ ಕನ್ನಡದ ಕಡೆ ಬರೋಣ. ಪೂರ್ಣ ಕನ್ನಡ ಬೈಬಲ್ ಬಳ್ಳಾರಿಯಲ್ಲಿ ಅಚ್ಚಾದದ್ದು 1831ರಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅವರ ಕೆಲಸ ಅದು. ಆಮೇಲೆ ಬಾಸೆಲ್ ಮಿಷನ್ನಿನವರೂ ಸೇರಿ ಅದನ್ನು ಪರಿಷ್ಕರಿಸಿದರು. ಇಂದು ರಾಜಾಜಿನಗರದಿಂದ ಕೆಂಗೇರಿಯವರೆಗಿನ ಕನ್ನಡ ಪ್ರಾಟೆಸ್ಟಂಟ್ ಸಭೆಗಳಲ್ಲಿ ಸಾಮಾನ್ಯವಾಗಿ ಕೈಯಲ್ಲಿರುವುದು ಬೈಬಲ್ ಸೊಸೈಟಿ ಆಫ್ ಇಂಡಿಯಾ ಪ್ರಕಟಿಸುವ ಹಳೆಯ ಅನುವಾದ. ಅದರಲ್ಲಿ ಮೊದಲನೆಯ ಕೀರ್ತನೆಯಲ್ಲೂ ಜ್ಞಾನೋಕ್ತಿಗಳ ಬಹುಕಡೆಗಳಲ್ಲೂ ‘ಲೇತ್ಸ್’ಗೆ ‘ಧರ್ಮನಿಂದಕ’ ಎಂದಿದೆ. 20:1ರಲ್ಲಿ, ಮದ್ಯವೇ ‘ಲೇತ್ಸ್’ ಎಂಬ ಮಾತು ಬಂದಾಗ, ಮದ್ಯಕ್ಕೆ ಧರ್ಮನಿಂದೆ ಹೊಂದುವುದಿಲ್ಲವಾದ್ದರಿಂದ ‘ಪರಿಹಾಸ್ಯ’ ಎಂದು ಇಟ್ಟರು. ಪದದ ಮೂಲಾರ್ಥ ಅನುವಾದಕರಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಇಷ್ಟೇ ಸಾಕು.

ಇಲ್ಲೊಂದು ವಿಚಿತ್ರ ಅದಲುಬದಲು ನಡೆದಿದೆ. ಪೇತ್ರನ ಎರಡನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಕಡೆಯ ದಿನಗಳಲ್ಲಿ ಬರುವ ಗೇಲಿಗಾರರ ಪ್ರಸ್ತಾಪವಿದೆ. ಅವರು ಗೇಲಿ ಮಾಡುವುದು ನಿಜಕ್ಕೂ ಒಂದು ಧಾರ್ಮಿಕ ನಂಬಿಕೆಯನ್ನು, ಕ್ರಿಸ್ತನು ಮತ್ತೆ ಬರುತ್ತಾನೆಂಬ ವಾಗ್ದಾನವನ್ನು. ಧರ್ಮನಿಂದಕ ಎಂಬ ಪದ ಎಲ್ಲಾದರೂ ಸಲ್ಲುವುದಿದ್ದರೆ ಅಲ್ಲಿ. ಆದರೆ ಕನ್ನಡ ಅನುವಾದ ಅಲ್ಲಿ ಬಳಸಿರುವುದು ‘ಕುಚೋದ್ಯಗಾರರು’ ಎಂಬ ಪದವನ್ನು. ಯೂದನ ಪತ್ರಿಕೆಯಲ್ಲೂ ಅದೇ. ಕುಚೋದ್ಯಗಾರ ಎಂಬ ಪದ ‘ಲೇತ್ಸ್’ಗೆ ಹೇಳಿಮಾಡಿಸಿದಂತಿದೆ. ‘ಚೋದ್ಯ’ ಎಂದರೆ ಶಾಸ್ತ್ರಚರ್ಚೆಯಲ್ಲಿ ಎತ್ತುವ ಆಕ್ಷೇಪ, ಉತ್ತರ ಬಯಸುವ ಪ್ರಶ್ನೆ. ಅದಕ್ಕೆ ‘ಕು’ ಸೇರಿದಾಗ ಉತ್ತರ ಬೇಡದ, ಎದುರಿನವನನ್ನು ಹೀನಾಯ ಮಾಡುವುದಕ್ಕೆಂದೇ ಕೇಳುವ ಪ್ರಶ್ನೆಯಾಗುತ್ತದೆ. ಹುಡುಕಿದರೂ ಜ್ಞಾನ ಸಿಗದ 14:6ರ ಮನುಷ್ಯ ಇವನೇ ತಾನೆ? ಪ್ರಶ್ನೆ ಕೇಳುತ್ತಾನೆ, ಕೇಳುವಾಗಲೇ ಉತ್ತರಕ್ಕೆ ಬಾಗಿಲು ಹಾಕಿರುತ್ತಾನೆ. ಸರಿಯಾದ ಪದ ಕನ್ನಡದಲ್ಲಿತ್ತು, ಅನುವಾದಕರ ಕೈಯಲ್ಲೂ ಇತ್ತು. ಅದು ಹೋಗಿ ಕೂತದ್ದು ಮಾತ್ರ ಬೇರೆ ಕಡೆ.

ಯಾಕೆ ಹೀಗಾಯಿತು ಎಂಬುದಕ್ಕೆ ನನ್ನದು ಊಹೆ ಮಾತ್ರ. ಮೊದಲನೆಯ ಕೀರ್ತನೆಯಲ್ಲಿ ದುಷ್ಟರು, ಪಾಪಿಗಳು, ಆಮೇಲೆ ‘ಲೇತ್ಸ್’ ಎಂಬ ಏರಿಕೆ ಇದೆ. ದುಷ್ಟತನ, ಪಾಪ ಆದಮೇಲೆ ಬರೀ ಗೇಲಿ ಎಂದರೆ ಇಳಿದಂತಾಗುತ್ತದೆ ಎಂದು ಅನುವಾದಕರಿಗೆ ಅನಿಸಿರಬೇಕು. ತೂಕದ ಪದ ಬೇಕಾಯಿತು. ಜೊತೆಗೆ, ಊರಿನ ನಡುವೆ ಹೊಸದಾಗಿ ನಿಂತ ಸಣ್ಣ ಸಮುದಾಯಕ್ಕೆ ಹೊರಗಿನವರ ನಗೆ ದಿನನಿತ್ಯದ ನೋವಾಗಿತ್ತು. ಆ ನೋವಿರುವವರ ಕಿವಿಗೆ ಈ ಪದ ಹೊರಗಿನವರನ್ನೇ ತೋರಿಸುತ್ತದೆ. ವಿಜಯನಗರದ ಕೂಟದಲ್ಲಿ ಆದದ್ದೂ ಅದೇ. ಯಾರನ್ನೂ ದೂರುವುದಕ್ಕೆ ನಾನು ಇದನ್ನು ಹೇಳುತ್ತಿಲ್ಲ. ಆದರೆ ಏರಿಕೆಯನ್ನು ಹೀಬ್ರೂ ಕವಿ ಬೇಕೆಂದೇ ಹಾಗೆ ಇಟ್ಟಿದ್ದಾನೆ ಎಂದು ನಾನು ನಂಬುತ್ತೇನೆ. ಆ ಕೀರ್ತನೆಯ ಕ್ರಿಯಾಪದಗಳು ನಡೆಯುವುದರಿಂದ ನಿಲ್ಲುವುದಕ್ಕೆ, ನಿಲ್ಲುವುದರಿಂದ ಕೂರುವುದಕ್ಕೆ ಸಾಗುತ್ತವೆ. ಪಾಪಿ ಇನ್ನೂ ಎದ್ದು ಹೋಗಬಹುದು. ಗೇಲಿಯವರ ಕಟ್ಟೆಯಲ್ಲಿ ಕಾಲು ಚಾಚಿ ಕೂತವನು ಏಳುವುದು ಕಷ್ಟ, ಏಕೆಂದರೆ ಅವನನ್ನು ಎಬ್ಬಿಸಲು ಬಂದವರನ್ನೇ ಅವನು ನಗೆಗೀಡುಮಾಡುತ್ತಾನೆ.

ಗರ್ವಕ್ಕೆ ಬಳಸುವ ಪದಗಳ ಕಡೆಯೂ ಒಂದು ನೋಟ ಹಾಯಿಸಬೇಕು, ಇಲ್ಲಿ ಕನ್ನಡ ಹೀಬ್ರೂವಿಗೆ ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತದೆ. ನಾಶಕ್ಕೆ ಮುಂಚೆ ಗರ್ವ ಎಂಬ 16:18ರ ಪ್ರಸಿದ್ಧ ಮಾತಿನಲ್ಲಿರುವ ‘ಗಾಓನ್’ ಎಂದರೆ ಮೂಲದಲ್ಲಿ ಮೇಲೇಳುವುದು. ಅದೇ ಪದ ದೇವರ ಮಹಿಮೆಗೂ ಸಲ್ಲುತ್ತದೆ, ಯೊರ್ದನ್ ನದಿಯ ದಂಡೆಯ ದಟ್ಟ ಪೊದೆಗೂ ಸಲ್ಲುತ್ತದೆ. ಮನುಷ್ಯನಿಗೆ ಬಂದಾಗಲಷ್ಟೇ ಅದು ಬೀಳುವ ಎತ್ತರ. 21:24ರ ‘ಜೇದ್’ ಪದದ ಧಾತುವಿಗೆ ಕುದಿಯುವುದು, ಉಕ್ಕುವುದು ಎಂಬ ಅರ್ಥವಿದೆ. ಯಾಕೋಬನು ಅಣ್ಣನಿಗೆ ಮಾರಿದ ಬೇಳೆಯ ಅಡುಗೆಗೂ ಅದೇ ಧಾತುವಿನ ಹೆಸರು. ಉಕ್ಕಿದ್ದು ಒಲೆಯನ್ನೇ ಆರಿಸುತ್ತದೆ ಎಂಬುದು ಅಡುಗೆಮನೆ ಕಂಡವರಿಗೆಲ್ಲ ಗೊತ್ತು. ಕನ್ನಡದ ‘ಸೊಕ್ಕು’ ಅಮಲು ಎಂಬ ಅರ್ಥವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದೆ, ಸೊಕ್ಕಿದಾನೆ ಎಂದಾಗ ಅದು ಈಗಲೂ ಕೇಳುತ್ತದೆ. ಮದ್ಯವನ್ನೇ ‘ಲೇತ್ಸ್’ ಎಂದು ಕರೆದ 20:1 ನಮ್ಮ ಭಾಷೆಯಲ್ಲಿ ವಿವರಣೆ ಬೇಡದಷ್ಟು ಸಹಜ. ಇನ್ನು ‘ಕೊಬ್ಬು’. 73ನೆಯ ಕೀರ್ತನೆಯಲ್ಲಿ ಸುಖವಂತ ದುರ್ಜನರ ಚಿತ್ರವಿದೆ: ಗರ್ವ ಅವರ ಕೊರಳ ಹಾರ, ಕೊಬ್ಬಿನಿಂದ ಕಣ್ಣು ಹೊರಗೆ ಬಂದಿವೆ, ಬಾಯಿ ತೆರೆದರೆ ಅಪಹಾಸ್ಯ. ‘ಕೊಬ್ಬಿದ್ದಾನೆ’ ಎಂದು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಮೈಯನ್ನೂ ಮನಸ್ಸನ್ನೂ ಹೇಳುವವರಿಗೆ ಈ ಕೀರ್ತನೆ ನೇರವಾಗಿ ದಕ್ಕುತ್ತದೆ.

ಹಾಗೆಯೇ ‘ಅಣಕ’. ಇನ್ನೊಬ್ಬರ ಮಾತನ್ನು ನಮ್ಮ ಬಾಯಲ್ಲಿ ತಿರುಚಿ ಆಡುವುದು ಅಣಕ. ‘ಲೇತ್ಸ್’ಗೆ ಹೋಲುವ ಧಾತುರೂಪದ ‘ಮೇಲೀತ್ಸ್’ ಎಂಬ ಪದ ಹೀಬ್ರೂವಿನಲ್ಲಿದೆ. ಆದಿಕಾಂಡದ 42ರಲ್ಲಿ ಯೋಸೇಫನಿಗೂ ಅವನ ಅಣ್ಣಂದಿರಿಗೂ ನಡುವೆ ನಿಂತ ದುಭಾಷಿಗೆ ಆ ಹೆಸರು. ಎರಡೂ ಒಂದೇ ಮೂಲದವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯೋಬನ ಗ್ರಂಥದ 16:20ರಲ್ಲಂತೂ ಸ್ನೇಹಿತರು ತನ್ನ ಮಧ್ಯವರ್ತಿಗಳು ಎನ್ನುತ್ತಿದ್ದಾನೋ ತನ್ನ ಗೇಲಿಗಾರರು ಎನ್ನುತ್ತಿದ್ದಾನೋ ಎಂದು ಇಂದಿಗೂ ವಾದವಿದೆ. ಅನುವಾದ ಮಾಡುವವನಾಗಿ ಈ ಒಂದು ಪದದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಇನ್ನೊಬ್ಬರ ಮಾತನ್ನು ಹೊತ್ತು ತರುವವನೂ ತಿರುಚುವವನೂ ಅಷ್ಟು ಪಕ್ಕದಲ್ಲಿದ್ದಾರೆ.

ಮೂಲ ಪ್ರಶ್ನೆಗೆ ಮರಳುತ್ತೇನೆ. ಗೇಲಿ ದೇವರಿಗೆ ತಾಗುತ್ತದೆ ಎಂದು ಜ್ಞಾನೋಕ್ತಿಗಳು ಬಾಯಿಬಿಟ್ಟು ಹೇಳುವ ಜಾಗ ಒಂದಿದೆ: 17:5. ಬಡವನನ್ನು ಅಣಕಿಸುವವನು ಅವನನ್ನು ಸೃಷ್ಟಿಸಿದವನನ್ನೇ ಹೀಯಾಳಿಸುತ್ತಾನೆ ಎಂಬುದು ಅದರ ಭಾವ. ಬಡವನನ್ನು ಹಿಂಸಿಸುವವನ ಬಗ್ಗೆ 14:31 ಇದನ್ನೇ ಹೇಳುತ್ತದೆ. ಇಲ್ಲಿ ಕ್ರಿಯಾಪದ ‘ಲಾಅಗ್’. ಅಣಕಿಸು, ಹೀಯಾಳಿಸು ಎಂಬ ಅರ್ಥದ್ದು. ಪ್ರಾರ್ಥನೆಯನ್ನು ಕಂಡು ನಕ್ಕದ್ದಕ್ಕೆ, ಸಿದ್ಧಾಂತವನ್ನು ಅಲ್ಲಗಳೆದದ್ದಕ್ಕೆ ಈ ಗ್ರಂಥ ಇಂಥ ಮಾತು ಹೇಳಿಲ್ಲ. ಬಡವನ ಮುಂದೆ ನಕ್ಕದ್ದಕ್ಕೆ ಹೇಳಿದೆ. ಈ ಗ್ರಂಥದ ಮಟ್ಟಿಗೆ ಧರ್ಮನಿಂದೆ ಎಂದು ಕರೆಯಬಹುದಾದ ಗೇಲಿ ಇದೊಂದೇ.

ಈ ಬೋಧನೆ ಇಸ್ರಾಯೇಲಿನದು ಮಾತ್ರವೂ ಅಲ್ಲ. ಬ್ರಿಟಿಷ್ ಮ್ಯೂಸಿಯಂ 1888ರಲ್ಲಿ ಪಡೆದ ಪಪೈರಸ್ ಸುರುಳಿಯೊಂದರಲ್ಲಿ ಆಮೆನೆಮೋಪೆ ಎಂಬ ಈಜಿಪ್ಟಿನ ಅಧಿಕಾರಿಯ 30 ಅಧ್ಯಾಯಗಳ ಉಪದೇಶವಿದೆ. ಈಜಿಪ್ಟ್ ತಜ್ಞ ಬಡ್ಜ್ ಅದನ್ನು 1923ರಲ್ಲಿ ಪ್ರಕಟಿಸಿದ. ಜ್ಞಾನೋಕ್ತಿಗಳ 22, 23ನೆಯ ಅಧ್ಯಾಯಗಳು ಅದಕ್ಕೆ ಋಣಿಯಾಗಿವೆ ಎಂದು ಮರುವರ್ಷವೇ ಆಡಾಲ್ಫ್ ಎರ್ಮಾನ್ ತೋರಿಸಿದ. ಆ ಉಪದೇಶದ 25ನೆಯ ಅಧ್ಯಾಯ ಕುರುಡನನ್ನು ಕಂಡು ನಗಬೇಡ, ಕುಬ್ಜನನ್ನು ಪೀಡಿಸಬೇಡ, ಕುಂಟನಿಗೆ ಅಡ್ಡಿಯಾಗಬೇಡ ಎನ್ನುತ್ತದೆ. ಕೊಡುವ ಕಾರಣವೂ 17:5ರ ಕಾರಣವೇ: ಮನುಷ್ಯ ಮಣ್ಣು ಹುಲ್ಲು, ಕಟ್ಟಿದವನು ದೇವರು. ಕ್ರಿಸ್ತಪೂರ್ವ 180ರ ಸುಮಾರಿಗೆ ಜೆರುಸಲೇಮಿನಲ್ಲಿ ಬರೆದ ಬೆನ್ ಸೀರಾ ಇದೇ ದಾರಿಯಲ್ಲಿ ಮುಂದೆ ಹೋಗಿ, ಮನಸ್ಸು ಕಹಿಯಾದವನನ್ನು ಕಂಡು ನಗಬೇಡ ಎಂದ. ಅವನ ಗ್ರಂಥ ಕಥೋಲಿಕರ ಬೈಬಲಿನಲ್ಲಿದೆ, ಪ್ರಾಟೆಸ್ಟಂಟರದರಲ್ಲಿಲ್ಲ. ಹೀಗಾಗಿ ವಿಜಯನಗರದ ನನ್ನ ಕೂಟದವರು ಅದನ್ನು ಓದಿಲ್ಲ.

ಇದನ್ನೆಲ್ಲ ಮಾಗಡಿ ರಸ್ತೆಯ ಪಕ್ಕದಲ್ಲಿ ಕೂತು ಬರೆಯುತ್ತಿರುವುದರಿಂದ ಒಂದು ಜಾಗವನ್ನು ಹೇಳದೆ ಮುಂದೆ ಹೋಗಲಾರೆ. ಬಸವೇಶ್ವರನಗರ ದಾಟಿ, ಕಾಮಾಕ್ಷಿಪಾಳ್ಯ ಕಳೆದ ಮೇಲೆ ಸುಮನಹಳ್ಳಿ. ಇಂದು ಆ ಹೆಸರು ಕೇಳಿದರೆ ವರ್ತುಲ ರಸ್ತೆಯ ಮೇಲ್ಸೇತುವೆ, ಬಸ್ ನಿಲ್ದಾಣ ನೆನಪಾಗುತ್ತವೆ. ಆದರೆ ಸುಮನಹಳ್ಳಿ ಎಂಬುದು 1970ರ ದಶಕದ ಕೊನೆಯಲ್ಲಿ ಬೆಂಗಳೂರು ಕಥೋಲಿಕ ಮಹಾಧರ್ಮಕ್ಷೇತ್ರ ಕುಷ್ಠರೋಗಿಗಳ ಪುನರ್ವಸತಿಗೆ ಶುರುಮಾಡಿದ ಸಂಸ್ಥೆಯ ಹೆಸರು. ಒಳ್ಳೆಯ ಮನಸ್ಸಿನವರ ಹಳ್ಳಿ ಎಂಬ ಅರ್ಥದಲ್ಲಿ ಇಟ್ಟ ಹೆಸರು ಈಗ ಸುತ್ತಲಿನ ಬಡಾವಣೆಗಳಿಗೆ ದಾರಿಗುರುತಾಗಿದೆ. ಕುಷ್ಠವನ್ನು ತರುವ ಸೂಕ್ಷ್ಮಾಣುವನ್ನು ಹಾನ್ಸೆನ್ ಗುರುತಿಸಿದ್ದು 1873ರಲ್ಲಿ; 1980ರ ದಶಕದಿಂದ ಬಹುಔಷಧ ಚಿಕಿತ್ಸೆ ಅದನ್ನು ಪೂರ್ತಿ ಗುಣಪಡಿಸುತ್ತಿದೆ. ಆದರೂ ಅದನ್ನು ವಿಚ್ಛೇದನಕ್ಕೋ ಬೇರ್ಪಡುವುದಕ್ಕೋ ಕಾರಣವೆಂದು ಒಪ್ಪಿದ್ದ ಮಾತು ಕ್ರೈಸ್ತರ 1869ರ ಕಾಯ್ದೆಯೂ ಸೇರಿ ಐದು ವೈಯಕ್ತಿಕ ಕಾಯ್ದೆಗಳಿಂದ ಬಿದ್ದುಹೋದದ್ದು 2019ರಲ್ಲಿ. ಮೈಯ ರೋಗಕ್ಕೆ ಮದ್ದು ಸಿಕ್ಕಿ ಮೂರು ದಶಕ ಕಳೆದ ಮೇಲೆ ಕಾಗದದ ಮೇಲಿನ ಅವಮಾನ ಅಳಿಯಿತು. ಬಾಯಿಮಾತಿನಲ್ಲಿ ಅದು ಇನ್ನೂ ಬೈಗುಳವಾಗಿಯೇ ಇದೆ.

ಇಲ್ಲಿ ಬೋಧಕರಿಗೆ ಒಂದು ಎಚ್ಚರಿಕೆ ಹೇಳಬೇಕೆನಿಸುತ್ತದೆ. ಎರಡನೆಯ ಪೂರ್ವಕಾಲವೃತ್ತಾಂತದ 26ನೆಯ ಅಧ್ಯಾಯದಲ್ಲಿ ಉಜ್ಜೀಯ ಅರಸನ ಮನಸ್ಸು ಗರ್ವದಿಂದ ಮೇಲೇರಿ, ದೇವಾಲಯದಲ್ಲಿ ಅವನ ಹಣೆಯ ಮೇಲೆ ಚರ್ಮರೋಗ ಏಳುತ್ತದೆ. ಗರ್ವದ ಕೇಡಿಗೆ ಉದಾಹರಣೆಯೆಂದು ಈ ಕಥೆ ಬೋಧನೆಗಳಲ್ಲಿ ಬರುತ್ತದೆ. ಕನ್ನಡದಲ್ಲಿ ಆ ರೋಗಕ್ಕೆ ‘ಕುಷ್ಠ’ ಎಂದೇ ಹೆಸರು. ಹೀಬ್ರೂವಿನ ‘ತ್ಸಾರಾಅತ್’ ಇಂದಿನ ಕುಷ್ಠರೋಗವೇ ಅಲ್ಲ. ಬಟ್ಟೆಗೂ ಮನೆಯ ಗೋಡೆಗೂ ಅದು ಹತ್ತುತ್ತದೆ. ಗರ್ವದ ವಿರುದ್ಧ ಮಾತಾಡುತ್ತಾ ಒಂದು ರೋಗವನ್ನು ಗರ್ವದ ಶಿಕ್ಷೆ ಎಂದು ಸೂಚಿಸಿದರೆ, 17:5 ಬೇಡವೆಂದ ಕೆಲಸವನ್ನೇ ನಾವು ಪೀಠದಿಂದ ಮಾಡಿದಂತಾಗುತ್ತದೆ. ಯೋಬನ ಗ್ರಂಥ ಬರೆದವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನು ಸ್ನೇಹಿತರಿಗೆ ತಾನು ನಗೆಪಾಟಲಾದೆನೆಂದು 12ನೆಯ ಅಧ್ಯಾಯದಲ್ಲಿ ಹೇಳುತ್ತಾನೆ, ಸುಖವಾಗಿರುವವರಿಗೆ ಇನ್ನೊಬ್ಬರ ಆಪತ್ತು ತಾತ್ಸಾರಕ್ಕೆ ವಸ್ತುವೆಂದು ಅಲ್ಲೇ ಸೇರಿಸುತ್ತಾನೆ. ಆ ಸ್ನೇಹಿತರು ಆಡಿದ್ದೆಲ್ಲ ಧರ್ಮದ ಮಾತೇ.

ಇನ್ನೊಂದು ಅಂಶವನ್ನು ಮುಚ್ಚಿಡಬಾರದು. ಗರ್ವದ ವಿರುದ್ಧದ ಬೋಧನೆಯೇ ಗೇಲಿಯಾಗಬಲ್ಲದು. ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುವ ಅಲ್ಪನ ಗಾದೆ ನಮಗೆಲ್ಲ ಗೊತ್ತು; ಅಲ್ಲಿ ನಗುತ್ತಿರುವವರು ಯಾರು? ಹಿಂದಿನಿಂದಲೂ ಕೊಡೆ ಇದ್ದವರು. ಜ್ಞಾನೋಕ್ತಿಗಳ 30:21ರಿಂದ 23ರವರೆಗೂ ಇದೇ ನಗೆಯಿದೆ: ದಾಸನು ಅರಸನಾದರೆ, ದಾಸಿ ಯಜಮಾನಿಯ ಜಾಗಕ್ಕೆ ಬಂದರೆ ಭೂಮಿಯೇ ತಾಳಲಾರದಂತೆ. ಹಳ್ಳಿಯಿಂದ ಬಂದು ಕೆಂಗೇರಿ ಉಪನಗರದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ನೆಲೆನಿಂತ ದಲಿತ ಕುಟುಂಬದ ಹುಡುಗ ಒಳ್ಳೆಯ ಬಟ್ಟೆ ತೊಟ್ಟು ಬೈಕಿನಲ್ಲಿ ಊರಿಗೆ ಹೋದರೆ ‘ಸೊಕ್ಕು ಬಂದಿದೆ’ ಎನ್ನುವ ಮಾತು ನಮ್ಮ ಸೀಮೆಯಲ್ಲಿ ಕೇಳದ್ದೇನಲ್ಲ. ಅದು ಗರ್ವದ ನಿರೂಪಣೆಯಲ್ಲ. ತಲೆ ಎತ್ತಿದವನನ್ನು ಮತ್ತೆ ತಗ್ಗಿಸುವ ಪ್ರಯತ್ನ. ಹೀಗಾಗಿ ಗರ್ವದ ಬಗ್ಗೆ ಯಾವ ವಾಕ್ಯ ಓದಿದರೂ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಬೇಕು. ಯೆಶಾಯ ಕೇಳಿದ್ದಾನೆ. 28:14ರಲ್ಲಿ ಅವನು ಗೇಲಿಯ ಜನರೇ ಎಂದು ಕೂಗಿ ಕರೆಯುವುದು ಜೆರುಸಲೇಮನ್ನು ಆಳುತ್ತಿದ್ದವರನ್ನು.

ದೇವರೂ ಜ್ಞಾನವೂ ನಗುವ ಜಾಗಗಳನ್ನು ಏನು ಮಾಡುವುದು? 1:26ರಲ್ಲಿ ಜ್ಞಾನವೆಂಬ ಸ್ತ್ರೀ, ಬುದ್ಧಿಮಾತು ತಳ್ಳಿದವರ ಆಪತ್ತಿನಲ್ಲಿ ನಗುತ್ತೇನೆ ಎನ್ನುತ್ತಾಳೆ. ಎಲೀಯನು ಬಾಳನ ಪ್ರವಾದಿಗಳನ್ನು ಹಾಸ್ಯ ಮಾಡಿದ್ದು ಒಂದನೆಯ ಅರಸುಗಳು 18ರಲ್ಲಿದೆ. ಇವುಗಳನ್ನು ಮಾದರಿಯೆಂದು ಹಿಡಿದು ಹತ್ತೊಂಬತ್ತನೆಯ ಶತಮಾನದ ಮಿಷನರಿ ಕರಪತ್ರಗಳು ಇಲ್ಲಿನ ದೇವರುಗಳನ್ನೂ ಪೂಜೆಯನ್ನೂ ಗೇಲಿ ಮಾಡಿದವು. ಅದನ್ನು ಒಪ್ಪಿಕೊಳ್ಳದೆ ಇಂದು ಇನ್ನೊಬ್ಬರನ್ನು ಧರ್ಮನಿಂದಕರೆನ್ನುವುದು ನ್ಯಾಯವಲ್ಲ. ಅದೇ ಮಿಷನರಿಗಳಲ್ಲಿ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಎಂಬುದನ್ನೂ ಸೇರಿಸಿ ಹೇಳಬೇಕು. ದಾಸರಲ್ಲಿ ದೇವರನ್ನೇ ಬೈದು ಹಾಡುವ ನಿಂದಾಸ್ತುತಿ ಇದೆ, ನಿಂದಕರು ಸುತ್ತ ಇದ್ದರೆ ಒಳ್ಳೆಯದೆನ್ನುವ ಪುರಂದರದಾಸರ ಪ್ರಸಿದ್ಧ ಕೀರ್ತನೆಯಿದೆ. ಆ ಕೀರ್ತನೆ ಕೇಳಿ ಬೆಳೆದ ಕನ್ನಡಿಗರ ಕಿವಿಯಲ್ಲಿ ‘ನಿಂದಕ’ ಎಂಬ ಪದಕ್ಕೆ ನಮ್ಮ ಕೊಳೆ ತೊಳೆಯುವವನು ಎಂಬ ಛಾಯೆ ಬಂದುಬಿಟ್ಟಿದೆ. ಜ್ಞಾನೋಕ್ತಿಗಳಲ್ಲಿ ಆ ಕೆಲಸ ಮಾಡುವವನು ತಿದ್ದುವವನು; ಅವನನ್ನು ಕಂಡರೆ ‘ಲೇತ್ಸ್’ಗೆ ಆಗದು. ಅಂದಮೇಲೆ ‘ಲೇತ್ಸ್’ಗೆ ನಿಂದಕ ಎಂಬ ಹೆಸರಿಟ್ಟಾಗ ತೊಳೆಯುವವನ ಹೆಸರನ್ನು ತೊಳೆಸಿಕೊಳ್ಳಲೊಲ್ಲದವನಿಗೆ ಕೊಟ್ಟಂತಾಯಿತು. 1:26ರ ನಗೆಯ ಬಗ್ಗೆ ನನ್ನ ಓದು ಇಷ್ಟು: ಅದು ಕೊನೆಯ ಬಾಗಿಲಲ್ಲಿ ಕೇಳುವ ನಗೆ, ಮನುಷ್ಯನಿಗೆ ಅದನ್ನು ಎರವಲು ಕೊಟ್ಟಿಲ್ಲ. ಶತ್ರು ಬಿದ್ದಾಗ ಹಿಗ್ಗಬೇಡ ಎಂದು 24:17 ಮನುಷ್ಯನಿಗೇ ಹೇಳಿದೆ.

ಗೇಲಿ ಊರಿಗೆ ಏನು ಮಾಡುತ್ತದೆ ಎಂಬುದನ್ನು 29:8 ಬೆಂಕಿಯ ಮಾತಿನಲ್ಲಿ ಹೇಳಿದೆ. ಗೇಲಿಯ ಜನ ಪಟ್ಟಣಕ್ಕೆ ಕಿಚ್ಚು ಊದುತ್ತಾರೆ. 26:18, 19ರಲ್ಲಿ ನೆರೆಯವನನ್ನು ಮೋಸಪಡಿಸಿ ತಮಾಷೆಗೆ ಮಾಡಿದ್ದೆಂದು ಹೇಳುವವನನ್ನು ಕೊಳ್ಳಿ ಎಸೆಯುವ ಹುಚ್ಚನಿಗೆ ಹೋಲಿಸಿದೆ. ‘ಸುಮ್ನೆ ತಮಾಷೆಗೆ ಅಂದೆ, ಮನಸ್ಸಿಗೆ ಹಚ್ಕೋಬೇಡಿ’ ಎಂಬ ಮಾತನ್ನು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓದುವಾಗೆಲ್ಲ ನನಗೆ ಆ ಎರಡು ವಾಕ್ಯ ನೆನಪಾಗುತ್ತವೆ.

‘ಲೇತ್ಸ್’ಗೆ ಕನ್ನಡದಲ್ಲಿ ‘ಕುಚೋದ್ಯಗಾರ’ ಎಂಬುದೇ ಸಾಮಾನ್ಯ ಪದವಾಗಬೇಕು, 3:34ಕ್ಕೂ ಯಾಕೋಬನ ಪತ್ರಿಕೆಗೂ ಇರುವ ನಂಟನ್ನು ಅಡಿಟಿಪ್ಪಣಿಯಲ್ಲಿ ತೋರಿಸಬೇಕು ಎಂಬುದು ನನ್ನ ಸಲಹೆ. ಆ ಹಿರಿಯರಿಗೆ ಮುಂದಿನ ಗುರುವಾರ ಹೇಳಿದ ಉತ್ತರವೂ ಇದರ ಸುತ್ತಲಿನದೇ: ನಮ್ಮಲ್ಲೇ ಇರೋರು, ಅಮ್ಮಾ, ಕೆಲವು ದಿನ ನಾನೇ. ಅವರು ಒಪ್ಪಿದರು. ಆದರೆ ಹಳೆಯ ಪದವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಅವರು ಕೊಟ್ಟ ಕಾರಣ ನನ್ನ ಯಾವ ನಿಘಂಟಿನಲ್ಲೂ ಹೊಳೆದಿರಲಿಲ್ಲ. “ಧರ್ಮ ಅಂದ್ರೆ ಭಿಕ್ಷೆನೂ ಅಲ್ವೇನಪ್ಪಾ? ‘ಅಮ್ಮಾ, ಧರ್ಮ ಮಾಡಿ’ ಅಂತ ಕೇಳ್ತಾರಲ್ಲ. ಹಾಗೆ ಕೇಳೋರ್ನ ಬೈಯೋನೂ ಧರ್ಮನಿಂದಕನೇ.”

ಅನುವಾದಕರು ಆ ಅರ್ಥದಲ್ಲಿ ಪದವನ್ನು ಇಟ್ಟಿರಲಿಲ್ಲ. ಆದರೆ ಹೀಬ್ರೂ, ಅರಾಮಿಕ್ ಭಾಷೆಗಳಲ್ಲೂ ಇದೇ ನಡೆದಿದೆ: ನೀತಿ ಎಂಬ ಅರ್ಥದ ‘ತ್ಸೆದಾಕಾ’ ಕ್ರಮೇಣ ಬಡವರಿಗೆ ಕೊಡುವ ಧರ್ಮಕ್ಕೆ ಹೆಸರಾಯಿತು. ಆ ತಿರುವು ಕಣ್ಣಿಗೆ ಬೀಳುವ ಜಾಗಗಳಲ್ಲಿ ದಾನಿಯೇಲನ ನಾಲ್ಕನೆಯ ಅಧ್ಯಾಯ ಒಂದು. ತಾನು ಕಟ್ಟಿಸಿದ ಬಾಬೆಲಿನ ಮೇಲೆ ಹೆಮ್ಮೆಯಿಂದ ಅಡ್ಡಾಡುವ ಅರಸ ನೆಬೂಕದ್ನೆಚ್ಚರನ ಕಥೆ ಅದು. ಅವನು ಬೀಳುವ ಮುಂಚೆ ದಾನಿಯೇಲನು ಒಂದು ಪರಿಹಾರ ಹೇಳಿಕೊಡುತ್ತಾನೆ. ಪಾಪ ಕಳೆಯಲು ‘ತ್ಸಿದ್ಕಾ’ ಮಾಡು, ಬಡವರಿಗೆ ಕರುಣೆ ತೋರು ಎಂಬುದು ಅದರ ಸಾರ. ಗ್ರೀಕ್ ಅನುವಾದಕ ಅಲ್ಲಿ ‘ತ್ಸಿದ್ಕಾ’ ಪದಕ್ಕೆ ಭಿಕ್ಷಾದಾನ ಎಂದೇ ಬರೆದ.